ಜೆನೆಟಿಕ್ ಮಾರ್ಕರ್: ಏನದು, ಓದುವುದು ಹೇಗೆ, ಎಷ್ಟು ನಂಬಬಹುದು?

ರಕ್ತಸಂಬಂಧವಿಲ್ಲದ ಇಬ್ಬರ ಡಿಎನ್‌ಎ ಪಕ್ಕಪಕ್ಕ ಇಟ್ಟು ನೋಡಿದರೆ, ಸುಮಾರು ಸಾವಿರ ಅಕ್ಷರಕ್ಕೆ (ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕಗಳೇ ಇದರ ಅಕ್ಷರಗಳು) ಒಂದು ಕಡೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಉಳಿದದ್ದೆಲ್ಲ ಒಂದೇ. ಇಷ್ಟೇನಾ ಅನಿಸಬಹುದು. ಆದರೆ ನಮ್ಮಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿಗಳಿವೆ, ಒಂದು ಪ್ರತಿಯಲ್ಲೇ ಹೆಚ್ಚುಕಡಿಮೆ 300 ಕೋಟಿ ಅಕ್ಷರಗಳಿವೆ. ಹಾಗಾಗಿ ವ್ಯತ್ಯಾಸಗಳ ಲೆಕ್ಕ 30 ಲಕ್ಷದ ಆಸುಪಾಸಿಗೆ ಬರುತ್ತದೆ. ಈ ವ್ಯತ್ಯಾಸಗಳಲ್ಲಿ ಯಾವುದು ಕ್ರೋಮೋಸೋಮಿನ ಯಾವ ಜಾಗದಲ್ಲಿದೆ ಎಂದು ಗೊತ್ತಿದೆಯೋ, ಯಾವುದನ್ನು ಸುಲಭವಾಗಿ ಪರೀಕ್ಷೆ ಮಾಡಬಹುದೋ, ಅದೇ ಜೆನೆಟಿಕ್ ಮಾರ್ಕರ್.

ಹೆಚ್ಚಿನ ಮಾರ್ಕರ್‌ಗಳು ತಾವಾಗಿ ಏನೂ ಮಾಡುವುದಿಲ್ಲ. ವಿಳಾಸ ಕೇಳಿದವರಿಗೆ "ನೀರಿನ ಟ್ಯಾಂಕ್ ಪಕ್ಕದ ಮನೆ" ಅಂತೀವಲ್ಲ, ಅದರಲ್ಲಿ ಟ್ಯಾಂಕಿಗೆ ಇರುವ ಕೆಲಸವೇ ಮಾರ್ಕರ್‌ಗೂ ಇರುವುದು. ಟ್ಯಾಂಕ್ ಸಿಕ್ಕಿತು ಎಂದರೆ ಮನೆ ಸಿಕ್ಕಿತು ಎಂದಲ್ಲ, ಹತ್ತಿರ ಬಂದಿರಿ ಎಂದಷ್ಟೇ. ಪತ್ರಿಕೆಗಳಲ್ಲಿ "ಆ ರೋಗದ ಜೀನ್ ಪತ್ತೆ" ಎಂದು ಬರುವ ಸುದ್ದಿಗಳಲ್ಲಿ ಎಷ್ಟೋ ಸಲ ಪತ್ತೆಯಾಗಿರುವುದು ಟ್ಯಾಂಕ್ ಮಾತ್ರ.

ಕೈಯಲ್ಲಿ ಡಿಎನ್‌ಎ ರಿಪೋರ್ಟ್ ಇರುವವರಿಗೆ, ಲ್ಯಾಬಿನಲ್ಲಿ ಈಗಷ್ಟೇ ಕೆಲಸ ಶುರು ಮಾಡಿದ ವಿದ್ಯಾರ್ಥಿಗಳಿಗೆ, ಸುಮ್ನೆ ಕುತೂಹಲ ಇರುವವರಿಗೆ ಕೆಳಗಿನ ಹೆಜ್ಜೆಗಳು.

ಹೆಜ್ಜೆ 1: ಪ್ರಶ್ನೆ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ

ಮಾರ್ಕರ್ ಹಿಡಿದು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಇದು ಯಾರ ಡಿಎನ್‌ಎ? ಇವರಿಬ್ಬರು ರಕ್ತಸಂಬಂಧಿಗಳೇ? ಈ ವ್ಯಕ್ತಿಗೆ, ಗಿಡಕ್ಕೆ ಅಥವಾ ಪ್ರಾಣಿಗೆ ಇಂಥ ಗುಣ ಬಂದಿದೆಯೇ?

ಮೊದಲ ಎರಡಕ್ಕೆ ಏನೂ ಕೆಲಸ ಮಾಡದ ಮಾರ್ಕರೇ ಒಳ್ಳೆಯದು. ಜನರಿಂದ ಜನರಿಗೆ ಜಾಸ್ತಿ ಬದಲಾಗುತ್ತಿದ್ದರೆ ಸಾಕು. ಮೂರನೆಯದಕ್ಕೆ ಹಾಗಲ್ಲ. ಅಲ್ಲಿ ಮಾರ್ಕರ್ ಆ ಗುಣದ ಜೀನಿಗೆ ತೀರಾ ಹತ್ತಿರ ಇರಬೇಕು, ಇಲ್ಲವೇ ಗುಣಕ್ಕೆ ಕಾರಣವಾದ ಬದಲಾವಣೆಯೇ ಆಗಿರಬೇಕು. ಪೊಲೀಸರು ಬಳಸುವ ಮಾರ್ಕರ್ ನೋಡಿ ಯಾರ ಸ್ವಭಾವವನ್ನೂ ಹೇಳಲಾಗದು. ಸಕ್ಕರೆ ಕಾಯಿಲೆಯ ಅಪಾಯ ತೋರಿಸುವ ಒಂದು ಮಾರ್ಕರ್ ಇಟ್ಟುಕೊಂಡು ಅಪ್ಪ ಯಾರು ಎಂದೂ ತೀರ್ಮಾನಿಸಲಾಗದು.

ಹೆಜ್ಜೆ 2: ಮಾರ್ಕರ್ ಯಾವ ಜಾತಿಯದು ನೋಡಿ

ಮನುಷ್ಯರಲ್ಲಿ ಮೊದಲು ಬಳಕೆಗೆ ಬಂದದ್ದು ರಕ್ತದ ಗುಂಪು. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಅದನ್ನು ವಿವರಿಸಿದರು. ತಂದೆತನದ ಜಗಳಗಳಲ್ಲಿ "ಇವರು ತಂದೆಯಲ್ಲ" ಎನ್ನಲು ಅದು ಕೆಲವೊಮ್ಮೆ ಸಾಕಾಗುತ್ತಿತ್ತು, "ಇವರೇ ತಂದೆ" ಎನ್ನಲು ಎಂದೂ ಸಾಲುತ್ತಿರಲಿಲ್ಲ. ಗುಂಪುಗಳೇ ನಾಲ್ಕು, ಒಂದೊಂದರಲ್ಲೂ ಕೋಟಿಗಟ್ಟಲೆ ಜನ.

ಇಂದು ನಿಮ್ಮ ರಿಪೋರ್ಟಿನಲ್ಲಿ ಕಾಣುವವು ಹೆಚ್ಚಾಗಿ ಎರಡೇ ಬಗೆ. ಒಂದು ಎಸ್‌ಟಿಆರ್. ಗಿಡಗಳ ಮೇಲೆ ಕೆಲಸ ಮಾಡುವವರು ಇದನ್ನೇ ಎಸ್‌ಎಸ್‌ಆರ್ ಅಥವಾ ಮೈಕ್ರೋಸ್ಯಾಟಲೈಟ್ ಎನ್ನುತ್ತಾರೆ. ಎರಡರಿಂದ ಆರು ಅಕ್ಷರದ ಒಂದು ಚಿಕ್ಕ ತುಣುಕು ಒಂದರ ಹಿಂದೆ ಒಂದು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 8 ಸಲ, ಇನ್ನೊಬ್ಬರಲ್ಲಿ 11 ಸಲ. ಒಂದೇ ಜಾಗದಲ್ಲಿ ಹತ್ತಾರು ಬಗೆ ಇರಬಹುದಾದ್ದರಿಂದ ಗುರುತು ಹಿಡಿಯಲು ಇದು ಬಹಳ ಚೆನ್ನಾಗಿದೆ. ಅಮೆರಿಕದ ಪೊಲೀಸ್ ಡಿಎನ್‌ಎ ದತ್ತಾಂಶದಲ್ಲಿ ಮೊದಲು ಇಂಥ 13 ಜಾಗಗಳನ್ನು ನೋಡುತ್ತಿದ್ದರು, 2017ರಿಂದ 20.

ಇನ್ನೊಂದು ಎಸ್‌ಎನ್‌ಪಿ, ಮಾತಿನಲ್ಲಿ "ಸ್ನಿಪ್". ಒಂದೇ ಒಂದು ಅಕ್ಷರದ ವ್ಯತ್ಯಾಸ. ನಿಮ್ಮಲ್ಲಿ ಎ, ನನ್ನಲ್ಲಿ ಜಿ. ಸಾಮಾನ್ಯವಾಗಿ ಇದರಲ್ಲಿ ಎರಡೇ ಬಗೆ, ಹಾಗಾಗಿ ಒಂದು ಸ್ನಿಪ್‌ನಿಂದ ಸಿಗುವ ಮಾಹಿತಿ ಕಡಿಮೆ. ಆದರೆ ಒಂದು ಚಿಪ್ ಮೇಲೆ ಲಕ್ಷಗಟ್ಟಲೆ ಸ್ನಿಪ್‌ಗಳನ್ನು ಒಟ್ಟಿಗೆ ಓದಬಹುದು. ಮನೆಗೆ ಕಿಟ್ ತರಿಸಿ ಉಗುಳು ಕಳಿಸುವ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಆಗುವುದು ಇದೇ.

ಆರ್‌ಎಫ್‌ಎಲ್‌ಪಿ, ಆರ್‌ಎಪಿಡಿ, ಎಎಫ್‌ಎಲ್‌ಪಿ ಎಂಬ ಹಳೆಯ ಬಗೆಗಳು ಪಠ್ಯಪುಸ್ತಕದಲ್ಲಿ ಇನ್ನೂ ಇವೆ. ಪರೀಕ್ಷೆಗೆ ಓದುವವರು ಒಂದು ವಿಷಯ ನೆನಪಿಡಿ: ಆರ್‌ಎಪಿಡಿಯಲ್ಲಿ ಜೆಲ್ ಮೇಲೆ ಡಿಎನ್‌ಎ ತುಂಡಿನ ಪಟ್ಟಿ (ಬ್ಯಾಂಡ್) ಇದೆ ಅಥವಾ ಇಲ್ಲ, ಅಷ್ಟೇ. ಇದ್ದರೆ ಅದು ಒಂದು ಪ್ರತಿಯೋ ಎರಡೋ ಗೊತ್ತಾಗದು. ಎಸ್‌ಎಸ್‌ಆರ್‌ನಲ್ಲಿ ತಾಯಿಯ ಪ್ರತಿ, ತಂದೆಯ ಪ್ರತಿ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ.

ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ. ವಂಶಾವಳಿ ಹುಡುಕುವವರಿಗೆ ಇವೆರಡೂ ಇಷ್ಟ. ಆದರೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮಗೆ 1,024 ಪೂರ್ವಜರ ಸ್ಥಾನಗಳಿವೆ. ಇವೆರಡು ಸೇರಿ ಹೇಳುವುದು ಅದರಲ್ಲಿ ಇಬ್ಬರ ಕಥೆಯನ್ನು ಮಾತ್ರ.

ಹೆಜ್ಜೆ 3: ಮಾರ್ಕರ್ ಎಷ್ಟು ಹತ್ತಿರ ಇದೆ ಎಂದು ಕೇಳಿ

ಇಡೀ ವಿಷಯದ ಜೀವ ಇರುವುದು ಇಲ್ಲಿ. ನಿಧಾನವಾಗಿ ಓದಿ.

ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ, ತಾಯಿ ಕಡೆಯಿಂದ ಬಂದ ಕ್ರೋಮೋಸೋಮ್ ಮತ್ತು ತಂದೆ ಕಡೆಯಿಂದ ಬಂದದ್ದು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಪಕ್ಕಪಕ್ಕ ಇರುವ ಎರಡು ಜಾಗಗಳು ಹೆಚ್ಚಾಗಿ ಜೊತೆಯಲ್ಲೇ ಹೋಗುತ್ತವೆ. ದೂರ ಇದ್ದಷ್ಟೂ ಬೇರೆಯಾಗುವುದು ಜಾಸ್ತಿ. ಆಲ್ಫ್ರೆಡ್ ಸ್ಟರ್ಟೆವಂಟ್ ಇದನ್ನೇ ಅಳತೆಗೋಲು ಮಾಡಿಕೊಂಡರು. ಥಾಮಸ್ ಹಂಟ್ ಮಾರ್ಗನ್ ಅವರ ಲ್ಯಾಬಿನಲ್ಲಿ ಅವರಿನ್ನೂ ಪದವಿ ವಿದ್ಯಾರ್ಥಿ. ಹಣ್ಣುನೊಣಗಳ ಲೆಕ್ಕವನ್ನು ಮನೆಗೆ ಕೊಂಡೊಯ್ದು, ಕಾಲೇಜಿನ ಹೋಮ್‌ವರ್ಕ್ ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಜೀನ್‌ಗಳ ಮೊದಲ ನಕ್ಷೆ ಬರೆದರು. ಅದು ಪ್ರಕಟವಾದದ್ದು 1913ರಲ್ಲಿ. ನೂರರಲ್ಲಿ ಒಂದು ಸಲ ಬೇರೆಯಾಗುವಷ್ಟು ದೂರಕ್ಕೆ ಈಗ ಒಂದು ಸೆಂಟಿಮಾರ್ಗನ್ ಎನ್ನುತ್ತಾರೆ. ಮನುಷ್ಯರಲ್ಲಿ ಅದು ಸರಾಸರಿ 10 ಲಕ್ಷ ಅಕ್ಷರದಷ್ಟು ದೂರ.

ಈಗ ಲೆಕ್ಕ ಹಾಕಿ. ನಿಮ್ಮ ಮಾರ್ಕರ್ ಜೀನಿನಿಂದ 5 ಸೆಂಟಿಮಾರ್ಗನ್ ದೂರ ಇದ್ದರೆ, ನೂರರಲ್ಲಿ ಐದು ಸಲ ಅದು ಸುಳ್ಳು ಹೇಳುತ್ತದೆ. ಮಾರ್ಕರ್ ಬಂದಿರುತ್ತದೆ, ಜೀನ್ ಬಂದಿರುವುದಿಲ್ಲ. ಇದಕ್ಕೆ ಒಂದು ಉಪಾಯವಿದೆ. ಜೀನಿನ ಎರಡೂ ಬದಿಗೆ ಒಂದೊಂದು ಮಾರ್ಕರ್ ಇಟ್ಟುಕೊಳ್ಳುವುದು. ಎರಡೂ ಒಟ್ಟಿಗೆ ಬಂದು ನಡುವಿನ ಜೀನ್ ಮಾತ್ರ ತಪ್ಪಿಹೋಗಬೇಕಾದರೆ ಎರಡು ಕಡೆ ಅದಲುಬದಲಾಗಬೇಕು. ಅದರ ಸಾಧ್ಯತೆ 5 ಶೇಕಡಾದ 5 ಶೇಕಡಾ, ಅಂದರೆ ಸುಮಾರು 400ಕ್ಕೆ 1.

ಇನ್ನೊಂದು ತೊಡಕು ಇದೆ. ಮಾರ್ಕರಿನ ಯಾವ ಬಗೆ ರೋಗದ ಜೀನಿನ ಜೊತೆ ಕೂತಿದೆ ಎನ್ನುವುದು ಮನೆತನದಿಂದ ಮನೆತನಕ್ಕೆ, ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗಬಹುದು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುಯೆಟ್ ವಾಯ್ ಕಾನ್ ಮತ್ತು ಆಂಡ್ರೇ ಡೋಜಿ, ಡಿಎನ್‌ಎ ಕತ್ತರಿಸುವ ಒಂದು ಕಿಣ್ವ ಹಾಕಿ ಈ ಕಾಯಿಲೆಯಲ್ಲಿ ಕೆಡುವ ಬೀಟಾ ಗ್ಲೋಬಿನ್ ಜೀನ್ ಇರುವ ತುಂಡಿನ ಉದ್ದ ನೋಡಿದರು. ಸರಿಯಾದ ಜೀನ್ ಇದ್ದ ಕಡೆ ಹೆಚ್ಚಾಗಿ 7,600 ಅಕ್ಷರದ ತುಂಡು ಬಂತು. ಸಿಕಲ್ ಸೆಲ್ ಜೀನ್ ಇದ್ದ ಕಡೆ ಬಹಳಷ್ಟು ಸಲ 13,000 ಅಕ್ಷರದ್ದು. ಹುಟ್ಟುವ ಮೊದಲೇ ಮಗುವಿನ ಡಿಎನ್‌ಎಯಲ್ಲಿ ಕಾಯಿಲೆ ತಿಳಿಯುವ ದಾರಿ ತೆರೆಯಿತು. ಆದರೆ ಆ ಕಿಣ್ವ ಕತ್ತರಿಸುತ್ತಿದ್ದ ಜಾಗ ಜೀನಿನ ಹೊರಗಿತ್ತು. ಬೇರೆ ಪ್ರದೇಶಗಳ ಜನರನ್ನು ನೋಡಿದಾಗ ಅದೇ ಸಿಕಲ್ ಸೆಲ್ ಜೀನ್ 7,600ರ ತುಂಡಿನ ಜೊತೆಯಲ್ಲೂ ಸಿಕ್ಕಿತು. ಒಂದು ಕಡೆ ಕಾಯಿಲೆಯ ಗುರುತಾಗಿದ್ದದ್ದು ಇನ್ನೊಂದು ಕಡೆ ಏನನ್ನೂ ಹೇಳುತ್ತಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಬೇರೊಂದು ಕಿಣ್ವ ಸಿಕ್ಕಿತು. ಅದು ಕತ್ತರಿಸುವ ಜಾಗ ಕಾಯಿಲೆಗೆ ಕಾರಣವಾದ ಅಕ್ಷರದ ಮೇಲೆಯೇ ಇತ್ತು. ಅಲ್ಲಿ ಎ ಇದ್ದರೆ ಕತ್ತರಿಸುತ್ತದೆ, ಟಿ ಆದರೆ ಕತ್ತರಿಸುವುದಿಲ್ಲ. ಇದರಲ್ಲಿ ನೆರೆಹೊರೆಯ ಮಾತೇ ಇಲ್ಲ, ಯಾವ ಊರಿನವರಾದರೂ ಉತ್ತರ ಒಂದೇ.

ಹಾಗಾಗಿ ಯಾವ ಮಾರ್ಕರ್ ಸಿಕ್ಕರೂ ಎರಡು ಪ್ರಶ್ನೆ ಕೇಳಿ. ಇದು ಕಾರಣವೇ, ಬರೀ ನೆರೆಯೇ? ನೆರೆಯಾದರೆ, ಯಾವ ಜನರಲ್ಲಿ ಪರೀಕ್ಷಿಸಿ ನೋಡಿದ್ದಾರೆ?

ಮಿದುಳನ್ನು ನಿಧಾನವಾಗಿ ಹಾಳುಮಾಡುವ, ವಂಶದಲ್ಲಿ ಬರುವ ಹಂಟಿಂಗ್ಟನ್ ಕಾಯಿಲೆಯಲ್ಲಿ ನೆರೆಯಿಂದ ಕಾರಣಕ್ಕೆ ಹೋಗಲು ಹತ್ತು ವರ್ಷ ಬೇಕಾಯಿತು. 4ನೇ ಕ್ರೋಮೋಸೋಮಿನ ಮೇಲೆ ಮಾರ್ಕರ್ ಸಿಕ್ಕಿದ್ದು 1983ರಲ್ಲಿ, ಜೀನ್ ಸಿಕ್ಕಿದ್ದು 1993ರಲ್ಲಿ. ಆ ನಡುವೆ ಪರೀಕ್ಷೆ ಮಾಡಿಸಬೇಕಾದರೆ ಅಪ್ಪ, ಅಮ್ಮ, ಅಜ್ಜ, ಅತ್ತೆ ಎಲ್ಲರ ರಕ್ತವೂ ಬೇಕಿತ್ತು. ಈಗ ಒಬ್ಬರ ರಕ್ತ ಸಾಕು. ಸಿಎಜಿ ಎಂಬ ತುಣುಕು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. 26 ಅಥವಾ ಕಡಿಮೆ ಇದ್ದರೆ ಸಾಮಾನ್ಯ. 40 ಅಥವಾ ಜಾಸ್ತಿ ಇದ್ದರೆ, ಸಾಮಾನ್ಯ ಆಯುಸ್ಸು ಬದುಕಿದರೆ ಕಾಯಿಲೆ ಬಂದೇ ಬರುತ್ತದೆ. ನಡುವಿನದ್ದು ಖಚಿತವಾಗಿ ಹೇಳಲಾಗದ ಬೂದು ಪ್ರದೇಶ.

ಹೆಜ್ಜೆ 4: ಲ್ಯಾಬಿನಲ್ಲಿ ಏನಾಗುತ್ತದೆ

ಕೆನ್ನೆಯ ಒಳಭಾಗ, ರಕ್ತ ಅಥವಾ ಎಳೆಯ ಎಲೆಯಿಂದ ಡಿಎನ್‌ಎ ತೆಗೆಯುತ್ತಾರೆ. ಬೇಕಾದ ಜಾಗವನ್ನು ಮಾತ್ರ ಪಿಸಿಆರ್‌ನಲ್ಲಿ ಕೋಟಿಗಟ್ಟಲೆ ಪ್ರತಿ ಮಾಡುತ್ತಾರೆ. ಆಮೇಲೆ ಉದ್ದ ಅಳೆಯುತ್ತಾರೆ ಅಥವಾ ಅಕ್ಷರ ಓದುತ್ತಾರೆ. ಇಷ್ಟೇ.

ಮೊದಲ ಸಲ ಮಾಡುವ ವಿದ್ಯಾರ್ಥಿಗಳಿಗೆ ಮೂರು ಮಾತು. ನೂರಾರು ಸಸಿಗಳ ಮೇಲೆ ಪ್ರೈಮರ್ (ಪಿಸಿಆರ್‌ನಲ್ಲಿ ಯಾವ ಜಾಗ ಪ್ರತಿಯಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಹಾಕುವ ಮೊದಲು ತಂದೆ ತಾಯಿ ಗಿಡಗಳೆರಡರ ಮೇಲೆ ಹಾಕಿ ನೋಡಿ. ಅವೆರಡರಲ್ಲೇ ವ್ಯತ್ಯಾಸ ಕಾಣದಿದ್ದರೆ ಆ ಮಾರ್ಕರ್ ನಿಮಗೆ ಉಪಯೋಗವಿಲ್ಲ. ಎರಡನೆಯದು, ಪ್ರತಿ ಸಲವೂ ಡಿಎನ್‌ಎ ಹಾಕದ ಒಂದು ಟ್ಯೂಬ್ ಇಡಿ. ಅದರಲ್ಲೂ ಪಟ್ಟಿ ಬಂದರೆ ಎಲ್ಲೋ ಕಲಬೆರಕೆಯಾಗಿದೆ, ಆ ಜೆಲ್‌ನ ಬೇರೆ ಪಟ್ಟಿಗಳನ್ನೂ ನಂಬಬೇಡಿ. ಮೂರನೆಯದು, ನಾಲ್ಕೈದು ಅಕ್ಷರದ ವ್ಯತ್ಯಾಸವನ್ನು ಸಾಮಾನ್ಯ ಅಗರೋಸ್ ಜೆಲ್ ಮೇಲೆ ಕಣ್ಣಿಂದ ಹೇಳಲು ಹೋಗಬೇಡಿ. ಅದಕ್ಕೆ ಕ್ಯಾಪಿಲರಿ ಯಂತ್ರ ಅಥವಾ ಅಕ್ರಿಲಮೈಡ್ ಜೆಲ್ ಬೇಕು.

ಹೆಜ್ಜೆ 5: ತಂದೆತನದ ರಿಪೋರ್ಟ್ ಓದಿ ನೋಡೋಣ

ರಿಪೋರ್ಟಿನಲ್ಲಿ ಪ್ರತಿ ಜಾಗದ ಮುಂದೆ ಎರಡು ಅಂಕಿ ಇರುತ್ತವೆ. ಒಂದು ತಾಯಿಯಿಂದ ಬಂದ ಎಣಿಕೆ, ಒಂದು ತಂದೆಯಿಂದ. ಮೂರು ಜಾಗಗಳ ಒಂದು ಕಲ್ಪಿತ ಉದಾಹರಣೆ ನೋಡಿ.

ಟಿಎಚ್01 ಎಂಬ ಜಾಗದಲ್ಲಿ ಮಗುವಿನದು 6 ಮತ್ತು 9.3, ತಾಯಿಯದು 6 ಮತ್ತು 7. ತಾಯಿ ಕೊಟ್ಟದ್ದು 6. ಹಾಗಾದರೆ ತಂದೆಯಲ್ಲಿ 9.3 ಇರಲೇಬೇಕು. ಪರೀಕ್ಷೆಗೆ ಬಂದವರದ್ದು 8 ಮತ್ತು 9.3. ಹೊಂದಿತು. (9.3 ಎಂದರೆ ನಾಲ್ಕಕ್ಷರದ ಒಂಬತ್ತು ಪೂರ್ತಿ ತುಣುಕು, ಜೊತೆಗೆ ಮೂರಕ್ಷರ. ಮುದ್ರಣದೋಷ ಅಲ್ಲ.)

ಡಿ18ಎಸ್51ರಲ್ಲಿ ಮಗು 14 ಮತ್ತು 17, ತಾಯಿ 14 ಮತ್ತು 16. ತಂದೆಯಿಂದ 17 ಬರಬೇಕು. ಅವರದ್ದು 12 ಮತ್ತು 17. ಇದೂ ಹೊಂದಿತು.

ಎಫ್‌ಜಿಎಯಲ್ಲಿ ಮಗು 22 ಮತ್ತು 24, ತಾಯಿ 24 ಮತ್ತು 25. ತಂದೆಯಿಂದ 22 ಬೇಕು. ಅವರದ್ದು 21 ಮತ್ತು 23. ಹೊಂದಲಿಲ್ಲ!

ಹಾಗಾದರೆ ಅವರು ತಂದೆಯಲ್ಲವೇ? ಅವಸರ ಬೇಡ. ಎಸ್‌ಟಿಆರ್‌ಗಳಲ್ಲಿ ಸುಮಾರು ಸಾವಿರ ಸಲಕ್ಕೆ ಒಂದರಂತೆ ಎಣಿಕೆಯೇ ಬದಲಾಗುತ್ತದೆ, ಅದೂ ಹೆಚ್ಚಾಗಿ ಒಂದು ತುಣುಕು ಹೆಚ್ಚು ಅಥವಾ ಕಡಿಮೆ. ಹಾಗಾಗಿ ಒಂದೇ ಕಡೆ, ಅದೂ ಒಂದೇ ಹೆಜ್ಜೆ ತಪ್ಪಿದ್ದರೆ ಲ್ಯಾಬುಗಳು "ಅಲ್ಲ" ಎನ್ನುವುದಿಲ್ಲ. ಇನ್ನಷ್ಟು ಜಾಗ ನೋಡುತ್ತವೆ. ಹಲವು ಕಡೆ ತಪ್ಪಿದರೆ ಮಾತ್ರ ತಂದೆಯಲ್ಲ ಎಂಬ ತೀರ್ಮಾನ. ಮೂರೇ ಜಾಗ ನೋಡಿ ಯಾರಾದರೂ ರಿಪೋರ್ಟ್ ಕೊಟ್ಟರೆ ಅದನ್ನು ಹರಿದು ಹಾಕಬಹುದು.

ಅಪರಾಧ ಪ್ರಕರಣಗಳಲ್ಲಿ ಕೇಳುವ ದೊಡ್ಡ ದೊಡ್ಡ ಸಂಖ್ಯೆಗಳು ಗುಣಾಕಾರದಿಂದ ಬಂದವು. ಒಂದು ಜಾಗದ ಜೋಡಿ ಹತ್ತರಲ್ಲಿ ಒಬ್ಬರಿಗೆ ಇದೆ ಎಂದಿಟ್ಟುಕೊಳ್ಳಿ. ಅಂಥ 13 ಜಾಗಗಳೂ ಹೊಂದಬೇಕಾದರೆ ಸಾಧ್ಯತೆ 10 ಲಕ್ಷ ಕೋಟಿಗೆ 1. ಭೂಮಿಯ ಮೇಲಿರುವವರು ಸುಮಾರು 800 ಕೋಟಿ. ಆದರೆ ಈ ಲೆಕ್ಕ ಸಂಬಂಧವಿಲ್ಲದವರಿಗೆ ಮಾತ್ರ. ಅಣ್ಣ ತಮ್ಮಂದಿರಲ್ಲಿ ಹೊಂದಾಣಿಕೆ ಬಹಳ ಜಾಸ್ತಿ. ಒಂದೇ ಅಂಡದಿಂದಾದ ಅವಳಿಗಳನ್ನು ಈ ಮಾರ್ಕರ್‌ಗಳು ಬೇರೆ ಮಾಡಲಾರವು. ಇನ್ನು ಲ್ಯಾಬಿನಲ್ಲಿ ಟ್ಯೂಬ್ ಅದಲುಬದಲಾಗುವ ಸಾಧ್ಯತೆಯಂತೂ ಲಕ್ಷ ಕೋಟಿಗೆ ಒಂದಲ್ಲ, ಅದು ಮನುಷ್ಯರ ಕೆಲಸ.

ಡಿಎನ್‌ಎಯಿಂದ ಗುರುತು ಹಿಡಿಯುವ ಈ ವಿದ್ಯೆ ಹುಟ್ಟಿದ್ದು 1984ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಅಲೆಕ್ ಜೆಫ್ರೀಸ್ ಅವರ ಕೈಯಲ್ಲಿ. ಕೊಲೆ ಪ್ರಕರಣವೊಂದಕ್ಕೆ ಅದನ್ನು ಮೊದಲ ಸಲ ಬಳಸಿದಾಗ ಆದದ್ದೇನು ಗೊತ್ತೇ? ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದ ಹದಿಹರೆಯದ ಹುಡುಗ ನಿರಪರಾಧಿ ಎಂದು ಸಾಬೀತಾಯಿತು. ನಿಜವಾದ ಅಪರಾಧಿ ಸಿಕ್ಕಿದ್ದು ಆಮೇಲೆ. "ಅಲ್ಲ" ಎಂದು ಹೇಳುವುದರಲ್ಲೇ ಮಾರ್ಕರ್‌ಗೆ ಹೆಚ್ಚು ಬಲ ಎಂದು ನನಗೆ ಅನಿಸುವುದು ಇದಕ್ಕೇ.

ಹೆಜ್ಜೆ 6: ಆರೋಗ್ಯದ ರಿಪೋರ್ಟಿನಲ್ಲಿ ಯಾವುದಕ್ಕೆ ತಲೆಕೆಡಿಸಿಕೊಳ್ಳಬೇಕು

"ನಿಮಗೆ ಈ ಕಾಯಿಲೆಯ ಅಪಾಯ ಶೇ 20 ಜಾಸ್ತಿ" ಎಂದಿದ್ದರೆ, ಯಾವುದಕ್ಕಿಂತ ಎಂದು ಕೇಳಿ. ಸಾವಿರದಲ್ಲಿ 10 ಜನಕ್ಕೆ ಬರುವ ಕಾಯಿಲೆ ನಿಮ್ಮಂಥವರಲ್ಲಿ 12 ಜನಕ್ಕೆ ಬರುತ್ತದೆ ಎಂದಷ್ಟೇ ಅರ್ಥ. ಸಾವಿರಾರು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ, ಲಕ್ಷಗಟ್ಟಲೆ ಸ್ನಿಪ್ ಜಾಲಾಡಿ ಹುಡುಕಿದ ಮಾರ್ಕರ್‌ಗಳು ಹೆಚ್ಚಾಗಿ ಇಂಥವು. ಇಂಥ ಅಧ್ಯಯನಗಳಲ್ಲಿ ಆಕಸ್ಮಿಕವಾಗಿ ಬರುವ ಸಾಧ್ಯತೆ 2 ಕೋಟಿಗೆ 1ಕ್ಕಿಂತ ಕಡಿಮೆ ಇದ್ದರೆ ಮಾತ್ರ ಫಲಿತಾಂಶ ಒಪ್ಪುತ್ತಾರೆ. ಅಂದರೆ ನಂಟು ನಿಜ, ಆದರೆ ಪರಿಣಾಮ ಚಿಕ್ಕದು. ಎರಡೂ ಒಟ್ಟಿಗೆ ಇರಬಹುದು. ಅಲ್ಲದೆ ಈ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದವರ ಮೇಲೆ ನಡೆದವು. ಹೆಜ್ಜೆ 3ರ ಎರಡನೇ ಪ್ರಶ್ನೆ ಇಲ್ಲಿ ಕೇಳಲೇಬೇಕು.

ಬಿಆರ್‌ಸಿಎ1 ಜೀನಿನ ಹಾನಿಕರ ಬದಲಾವಣೆ ಈ ಸಾಲಿಗೆ ಸೇರುವುದಿಲ್ಲ. ಅದು ಇರುವ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ 70. ಅಂಥ ರಿಪೋರ್ಟ್ ಬಂದರೆ ಜೆನೆಟಿಕ್ ಕೌನ್ಸೆಲರ್ (ಇಂಥ ರಿಪೋರ್ಟ್ ವಿವರಿಸಿ ಸಲಹೆ ಕೊಡುವ ತಜ್ಞರು) ಹತ್ತಿರ ಹೋಗಿ.

ನನ್ನ ಮಟ್ಟಿಗೆ, ಇಂದು ಮಾರ್ಕರ್‌ಗಳು ನೇರವಾಗಿ ಜೀವ ಉಳಿಸುತ್ತಿರುವುದು ಔಷಧಿಗಳ ವಿಷಯದಲ್ಲಿ. ಎಚ್‌ಐವಿಗೆ ಕೊಡುವ ಅಬಾಕವಿರ್ ಮಾತ್ರೆಗೆ ಕೆಲವರ ಮೈ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಎಚ್‌ಎಲ್‌ಎ-ಬಿ 57:01 ಎಂಬ ಮಾರ್ಕರ್ ಇದ್ದವರಿಗೆ ಆ ಮಾತ್ರೆ ಕೊಡುವುದಿಲ್ಲ. ಮೂರ್ಛೆಗೆ ಕೊಡುವ ಕಾರ್ಬಮಾಜೆಪಿನ್, ಎಚ್‌ಎಲ್‌ಎ-ಬಿ 15:02 ಇದ್ದವರಲ್ಲಿ ಚರ್ಮವೇ ಕಿತ್ತುಬರುವಂಥ ಪ್ರತಿಕ್ರಿಯೆ ತರಬಹುದು. ಆ ಮಾರ್ಕರ್ ಏಷ್ಯಾದ ಹಲವು ಸಮುದಾಯಗಳಲ್ಲಿದೆ, ಯುರೋಪಿನವರಲ್ಲಿ ಬಹಳ ಅಪರೂಪ. ಆದರೆ ಈಗಾಗಲೇ ನುಂಗುತ್ತಿರುವ ಮಾತ್ರೆಯನ್ನು ರಿಪೋರ್ಟ್ ನೋಡಿ ನೀವೇ ನಿಲ್ಲಿಸಬೇಡಿ. ಮೂರ್ಛೆಯ ಮಾತ್ರೆಯನ್ನಂತೂ ಖಂಡಿತ ಬೇಡ. ಡಾಕ್ಟರಿಗೆ ತೋರಿಸಿ.

ಹೆಜ್ಜೆ 7: ಬೆಳೆಗಳಲ್ಲಿ

ಹೊಲದಲ್ಲಿ ಮಾರ್ಕರ್ ಉಳಿಸುವುದು ಕಾಲವನ್ನು. ಭತ್ತದ ಸಬ್1 ಜೀನ್ ತಗೊಳ್ಳಿ. ಎಫ್‌ಆರ್13ಎ ಎಂಬ ಹಳೆಯ ತಳಿಯಿಂದ ಬಂದ ಇದು, ಪೈರು ಎರಡು ವಾರದವರೆಗೆ ಪೂರ್ತಿ ಮುಳುಗಿದರೂ ಚೇತರಿಸಿಕೊಳ್ಳುವ ಶಕ್ತಿ ಕೊಡುತ್ತದೆ. ಇದನ್ನು ಸ್ವರ್ಣಾ ತಳಿಗೆ ಸೇರಿಸಬೇಕು, ಸ್ವರ್ಣಾದ ಬೇರೆ ಯಾವ ಗುಣವೂ ಹಾಳಾಗಬಾರದು. ಹಾಗಾಗಿ ಮಿಶ್ರತಳಿಯನ್ನು ಮತ್ತೆ ಮತ್ತೆ ಸ್ವರ್ಣಾ ಜೊತೆಗೇ ಕೂಡಿಸುತ್ತಾರೆ. ಒಮ್ಮೆ ಕೂಡಿಸಿದರೆ ಸರಾಸರಿ ಶೇ 75 ಸ್ವರ್ಣಾ, ಎರಡನೇ ಸಲ 87.5, ಮೂರನೇ ಸಲ 93.75.

ಇಲ್ಲಿ ಮಾರ್ಕರ್‌ಗೆ ಮೂರು ಕೆಲಸ. ಸಸಿಯಲ್ಲಿ ಸಬ್1 ಇದೆಯೇ ಎಂದು ನೋಡುವುದು. ಸಬ್1ರ ಎರಡೂ ಬದಿಯ ಮಾರ್ಕರ್ ನೋಡಿ, ಹಳೆಯ ತಳಿಯ ಬೇಡದ ಡಿಎನ್‌ಎ ಅಂಟಿಕೊಂಡು ಬಂದಿಲ್ಲ ಎಂದು ಖಚಿತ ಮಾಡಿಕೊಳ್ಳುವುದು. ಉಳಿದ ಕ್ರೋಮೋಸೋಮುಗಳಲ್ಲಿ ಯಾವ ಸಸಿ ಸರಾಸರಿಗಿಂತ ಜಾಸ್ತಿ ಸ್ವರ್ಣಾ ಆಗಿದೆ ಎಂದು ಆರಿಸುವುದು. ಸಸಿ ಎಳೆಯದಿರುವಾಗಲೇ ಒಂದು ಎಲೆ ಕಿತ್ತು ಇದನ್ನೆಲ್ಲ ಹೇಳಬಹುದು. ಹೀಗೆ ಬಂದ ಸ್ವರ್ಣಾ ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಹೊರಗಿನ ಜೀನ್ ತುರುಕಿದ ಕುಲಾಂತರಿ ಅಲ್ಲ ಇದು. ಪರಾಗಸ್ಪರ್ಶ ಮಾಡಿದ ಹಳೆಯ ವಿಧಾನವೇ, ಆರಿಸುವುದು ಮಾತ್ರ ಹೊಸತು.

ಆದರೆ ಇಳುವರಿಯಂಥ ಗುಣಕ್ಕೆ ಒಂದೆರಡು ಮಾರ್ಕರ್ ಸಾಲದು. ಅದರ ಹಿಂದೆ ನೂರಾರು ಜೀನ್‌ಗಳಿವೆ.

ಹೆಜ್ಜೆ 8: ಮನೆಯಲ್ಲಿ ಮಾಡಿಸಿದ ಪರೀಕ್ಷೆಯ ಫೈಲ್ ತೆರೆದಾಗ

ಕಂಪನಿಗಳು ಕೊಡುವ ಕಚ್ಚಾ ಫೈಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಕಾಲಂ: ಸ್ನಿಪ್‌ನ ಹೆಸರು, ಕ್ರೋಮೋಸೋಮ್, ಜಾಗದ ಸಂಖ್ಯೆ, ನಿಮ್ಮ ಎರಡು ಅಕ್ಷರ. ಎರಡು ಗೀಟು ಇದ್ದರೆ ಯಂತ್ರಕ್ಕೆ ಓದಲು ಆಗಿಲ್ಲ ಎಂದರ್ಥ.

ಹಾಲಿನ ಸಕ್ಕರೆ ಜೀರ್ಣವಾಗುವುದಕ್ಕೆ ನಂಟಿರುವ ಆರ್‌ಎಸ್4988235 ಹುಡುಕಿ ನೋಡಿ. ನಿಮ್ಮ ಫೈಲಿನಲ್ಲಿ ಜಿ ಅಥವಾ ಎ ಇರಬಹುದು, ಸಂಶೋಧನಾ ಲೇಖನಗಳಲ್ಲಿ ಸಿ ಅಥವಾ ಟಿ ಎಂದಿರುತ್ತದೆ. ಗಾಬರಿ ಬೇಡ. ಡಿಎನ್‌ಎಗೆ ಎರಡು ಎಳೆ, ಒಬ್ಬರು ಒಂದು ಎಳೆ ಓದಿದ್ದಾರೆ, ಇನ್ನೊಬ್ಬರು ಎದುರಿನದ್ದು. ಜಿಯ ಎದುರು ಸಿ, ಎಯ ಎದುರು ಟಿ. ಎ ಒಂದಾದರೂ ಇದ್ದರೆ ದೊಡ್ಡವರಾದ ಮೇಲೂ ಹಾಲು ಜೀರ್ಣವಾಗುವ ಸಾಧ್ಯತೆ ಹೆಚ್ಚು. ಎರಡೂ ಜಿ ಇದ್ದರೆ ಆಗುವುದೇ ಇಲ್ಲವೇ? ಹಾಗೇನಿಲ್ಲ. ಪೂರ್ವ ಆಫ್ರಿಕಾದ ಪಶುಪಾಲಕರಲ್ಲಿ ಪಕ್ಕದ ಬೇರೆ ಅಕ್ಷರಗಳು ಅದೇ ಕೆಲಸ ಮಾಡುತ್ತವೆ. ಈ ಒಂದು ಸ್ನಿಪ್ ಮಾತ್ರ ನೋಡಿದರೆ ಅವರು ಹಾಲು ಕುಡಿಯಲೇಬಾರದು ಎಂದಾಗುತ್ತದೆ!

ಜಾಗದ ಸಂಖ್ಯೆಯನ್ನು ಬೇರೆ ಕಡೆ ಹೋಲಿಸುವಾಗ ಎರಡೂ ಕಡೆ ಜೀನೋಮ್ ನಕ್ಷೆಯ ಆವೃತ್ತಿ ಒಂದೇ ಇದೆಯೇ ನೋಡಿ. 37ನೇ ಆವೃತ್ತಿಯ ಸಂಖ್ಯೆ 38ರಲ್ಲಿ ಬೇರೆ ಜಾಗ ತೋರಿಸುತ್ತದೆ.

ಕಚ್ಚಾ ಫೈಲಿನಲ್ಲಿ ಅಪರೂಪದ ಭಯಂಕರ ಬದಲಾವಣೆ ಕಂಡರೆ, ಮೊದಲು ಅನುಮಾನ ಪಡಬೇಕಾದದ್ದು ಚಿಪ್ ಮೇಲೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಕಚ್ಚಾ ಫೈಲಿನಲ್ಲಿ ಕಂಡ ಬದಲಾವಣೆಗಳನ್ನು ವೈದ್ಯಕೀಯ ಲ್ಯಾಬಿನಲ್ಲಿ ಮತ್ತೆ ನೋಡಿದಾಗ ಶೇ 40 ಸುಳ್ಳಾಗಿದ್ದವು. ಚಿಪ್ ಸಾಮಾನ್ಯ ಸ್ನಿಪ್‌ಗಳನ್ನು ಚೆನ್ನಾಗಿ ಓದುತ್ತದೆ, ಅಪರೂಪದವನ್ನು ಓದುವಾಗ ಎಡವುತ್ತದೆ. ಹೊಸದಾಗಿ ರಕ್ತ ಕೊಟ್ಟು, ಅಕ್ಷರ ಅಕ್ಷರ ಓದುವ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳದೆ ಮನೆಯವರಿಗೆ ಹೇಳಲೂ ಹೋಗಬೇಡಿ.

ಫೈಲನ್ನು ಯಾವುದೋ ವೆಬ್‌ಸೈಟಿಗೆ ಹಾಕುವ ಮೊದಲು ಅಣ್ಣ, ತಂಗಿ, ಮಕ್ಕಳನ್ನೂ ಒಂದು ಮಾತು ಕೇಳಿ. ಅದರಲ್ಲಿ ಅವರ ಪಾಲೂ ಇದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಸರಣಿ ಕೊಲೆಗಾರ ಸಿಕ್ಕಿಬಿದ್ದದ್ದು ದೂರದ ಸಂಬಂಧಿಕರು ವಂಶಾವಳಿ ತಾಣಕ್ಕೆ ಹಾಕಿದ್ದ ಡಿಎನ್‌ಎಯಿಂದ. ಬೇಡ ಎಂದು ಆಮೇಲೆ ಅನಿಸಿದರೆ, ಖಾತೆ ಅಳಿಸುವುದು ಬೇರೆ, ಕಂಪನಿಯ ಹತ್ತಿರ ಉಳಿದಿರುವ ಉಗುಳಿನ ಮಾದರಿಯನ್ನು ನಾಶ ಮಾಡಿಸುವುದು ಬೇರೆ. ಎರಡನ್ನೂ ಕೇಳಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.